ಲೊಕೇಟರ್ 1 ಮೀಟರ್ ಆಳ ತೋರಿಸಿದರೆ ಅರ್ಧ ಮೀಟರ್‌ವರೆಗೆ ಜೆಸಿಬಿ ಬಿಡಬಹುದಾ?

ಪ್ರಶ್ನೆ: ಹೊಸ ಪೈಪ್ ಹಾಕಲು ಕಾಲುವೆ ತೋಡಬೇಕು. ಆ ಜಾಗದಲ್ಲಿ ಕರೆಂಟ್ ಕೇಬಲ್ ಅಡ್ಡ ಹೋಗಿದೆ. ಲೊಕೇಟರ್ (ನೆಲದಡಿಯ ಕೇಬಲ್, ಪೈಪ್ ಹುಡುಕುವ ಯಂತ್ರ) ತಂದು ನೋಡಿದಾಗ 1 ಮೀಟರ್ ಆಳ ಎಂದು ತೋರಿಸಿತು. ಮೇಲಿನ ಅರ್ಧ ಮೀಟರ್ ಮಣ್ಣನ್ನು ಜೆಸಿಬಿಯಲ್ಲಿ ತೆಗೆದು, ಉಳಿದದ್ದನ್ನು ಕೈಯಲ್ಲಿ ಅಗೆದರೆ ಸಾಲದೇ?

ಉತ್ತರ: ಸಾಲದು. ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಆ 1 ಮೀಟರ್ ಯಾರೂ ಟೇಪ್ ಹಿಡಿದು ಅಳೆದದ್ದಲ್ಲ, ಯಂತ್ರ ಮಾಡಿದ ಊಹೆ.

ಲೊಕೇಟರ್‌ಗೆ ಕೇಬಲ್ ಕಾಣುವುದಿಲ್ಲ. ತಂತಿಯಲ್ಲಿ ಕರೆಂಟ್ ಹರಿಯುವಾಗ ಅದರ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಯಂತ್ರ ಹಿಡಿಯುವುದು ಅದನ್ನು. ಒಳಗೆ ಒಂದರ ಮೇಲೊಂದು ಆಂಟೆನಾ ಇರುತ್ತವೆ. ಕೆಳಗಿನದಕ್ಕೆ ಎಷ್ಟು ಸಿಗ್ನಲ್ ಬಂತು, ಮೇಲಿನದಕ್ಕೆ ಎಷ್ಟು ಬಂತು ಎಂದು ಹೋಲಿಸಿ ಆಳ ಹೇಳುತ್ತದೆ. ಈ ಲೆಕ್ಕ ಸರಿಹೋಗಬೇಕಾದರೆ ಆ ಕ್ಷೇತ್ರ ಬಳೆಯ ಹಾಗೆ ದುಂಡಗಿರಬೇಕು. ಪಕ್ಕದಲ್ಲೇ ಇನ್ನೊಂದು ಕೇಬಲ್ಲೋ ಕಬ್ಬಿಣದ ಪೈಪೋ ಇದ್ದರೆ ಸಿಗ್ನಲ್ ಅದಕ್ಕೂ ಹತ್ತಿಕೊಳ್ಳುತ್ತದೆ, ಬಳೆ ಸೊಟ್ಟಗಾಗುತ್ತದೆ. ಆಗಲೂ ಪರದೆಯ ಮೇಲೆ ಅಂಕಿ ಬಂದೇ ಬರುತ್ತದೆ. ನೋಡಲು ಅಚ್ಚುಕಟ್ಟಾಗಿರುತ್ತದೆ, ಅದೇ ಕಷ್ಟ.

ಕ್ಷೇತ್ರ ದುಂಡಗಿದ್ದರೂ ಯಂತ್ರ ಹೇಳುವುದು ತಂತಿಯ ಅಥವಾ ಪೈಪಿನ ನಡುಮಧ್ಯದ ಆಳ. 30 ಸೆಂಟಿಮೀಟರ್ ದಪ್ಪದ ಲೋಹದ ಪೈಪಾದರೆ ಅದರ ನೆತ್ತಿ 15 ಸೆಂಟಿಮೀಟರ್ ಮೇಲೇ ಇರುತ್ತದೆ. ಅದೂ ನೀವು ನಿಂತ ಜಾಗದ ಮಾತು ಮಾತ್ರ. ಹತ್ತು ಹೆಜ್ಜೆ ಆಚೆ ಬಂಡೆ ಸಿಕ್ಕಿತೆಂದು ಕೇಬಲ್ ಹಾಕಿದವರು ಅದನ್ನು ಮೇಲಕ್ಕೆ ಎತ್ತಿ ಹಾಕಿರಬಹುದು. ಕೇಬಲ್ ಹಾಕಿದ ಮೇಲೆ ಅಲ್ಲಿ ಯಾರೋ ನೆಲವನ್ನೇ ಕೆರೆದು ತಗ್ಗಿಸಿರಬಹುದು.

ಅಂಕಿಯನ್ನು ಎಷ್ಟು ನಂಬಬಹುದು ಎಂದು ಪರೀಕ್ಷಿಸಲು ಒಂದು ಸುಲಭ ದಾರಿ ಇದೆ. ಯಂತ್ರವನ್ನು ನೆಲದಿಂದ ನೇರವಾಗಿ ಅರ್ಧ ಮೀಟರ್ ಮೇಲೆತ್ತಿ ಹಿಡಿಯಿರಿ. ಆಳವೂ ಸರಿಯಾಗಿ ಅರ್ಧ ಮೀಟರ್ ಜಾಸ್ತಿಯಾಗಬೇಕು. ಆಗದಿದ್ದರೆ ಬಳೆ ಸೊಟ್ಟಗಿದೆ ಎಂದರ್ಥ. ಹಾಗೆಯೇ, ಸಿಗ್ನಲ್ ಅತಿ ಜಾಸ್ತಿ ಬರುವ ಜಾಗ ಮತ್ತು ನಲ್ ಮೋಡ್‌ನಲ್ಲಿ (ಕೇಬಲ್‌ನ ನೇರ ಮೇಲೆ ಸಿಗ್ನಲ್ ಇಲ್ಲವಾಗುವ ಸೆಟ್ಟಿಂಗ್) ಸಿಗ್ನಲ್ ಸತ್ತುಹೋಗುವ ಜಾಗ ಎರಡೂ ಒಂದೇ ಕಡೆ ಬೀಳಬೇಕು. ಬೇರೆ ಬೇರೆ ಬಿದ್ದರೆ ಆಳ ಮಾತ್ರವಲ್ಲ, ಕೇಬಲ್ ಹೋಗುವ ದಾರಿ ಎಂದು ನೆಲದ ಮೇಲೆ ಎಳೆದ ಗೆರೆಯೂ ಅನುಮಾನವೇ.

ಅಮೆರಿಕದಲ್ಲಿ ಅಗೆಯುವ ಮುಂಚೆ 811ಕ್ಕೆ ಕರೆ ಮಾಡಿದರೆ ಲೈನ್‌ನ ಮಾಲೀಕರು ಬಂದು ಬಣ್ಣದಲ್ಲಿ ಗುರುತು ಹಾಕಿ ಹೋಗುತ್ತಾರೆ. ಕೆಂಪು ಕರೆಂಟಿಗೆ, ಹಳದಿ ಗ್ಯಾಸಿಗೆ, ನೀಲಿ ಕುಡಿಯುವ ನೀರಿಗೆ. ಅಲ್ಲೂ ಗುರುತಿನ ಎರಡೂ ಬದಿ 18ರಿಂದ 24 ಇಂಚು ಎಚ್ಚರಿಕೆಯ ವಲಯ ಎಂದು ಹಲವು ರಾಜ್ಯಗಳ ನಿಯಮ ಹೇಳುತ್ತದೆ. ಪಕ್ಕಕ್ಕೆ ಅಳತೆ ಇದೆ, ಆದರೆ ಆ ಗುರುತನ್ನು ಯಾರೂ ಆಳದ ಭರವಸೆ ಎಂದು ತೆಗೆದುಕೊಳ್ಳುವುದಿಲ್ಲ. ಅನುಭವದಿಂದ ಬಂದ ಬುದ್ಧಿ, ಅಲ್ವಾ?

ನನಗೆ ಆಳಕ್ಕಿಂತ ಜಾಸ್ತಿ ಭಯ ಇರುವುದು ಯಂತ್ರ ಸುಮ್ಮನಿರುವ ಜಾಗದ ಬಗ್ಗೆ. ಪ್ಲಾಸ್ಟಿಕ್ ಪೈಪ್ ಜೊತೆ ತಂತಿ ಎಳೆದಿರದಿದ್ದರೆ ಈ ಯಂತ್ರಕ್ಕೆ ಅದು ಇಲ್ಲವೇ ಇಲ್ಲ. ಲೋಡ್ ಇಲ್ಲದ ಕೇಬಲ್‌ನಲ್ಲಿ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಕೇಬಲ್‌ನ ಸ್ವಂತ ಕರೆಂಟನ್ನೇ ಹುಡುಕುವ ಪವರ್ ಮೋಡ್‌ನಲ್ಲಿ ಅದು ಸದ್ದು ಮಾಡದಿರಬಹುದು. ಮುಟ್ಟಿದರೆ ಮಾತ್ರ ಜೀವ ತೆಗೆಯುತ್ತದೆ. ಪ್ಲಾಸ್ಟಿಕ್‌ಗೆ ನೆಲದೊಳಕ್ಕೆ ನೋಡುವ ರಾಡಾರ್ ಇದೆ. ಒಣ ಮರಳಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಒದ್ದೆ ಜೇಡಿಮಣ್ಣಿನಲ್ಲಿ ಅದರ ಅಲೆ ಸ್ವಲ್ಪದರಲ್ಲೇ ಸತ್ತುಹೋಗುತ್ತದೆ. ಅದಕ್ಕೇ ಯಂತ್ರ ಹಿಡಿಯುವ ಮುಂಚೆ ಲೈನ್‌ನ ಮಾಲೀಕರಿಂದ ನಕ್ಷೆ ತರಿಸಿ, ಒಂದು ಸುತ್ತು ನಡೆದು ನೋಡಿ. ಮೀಟರ್, ವಾಲ್ವ್ ಮುಚ್ಚಳ, ಬೀದಿದೀಪ, ರಸ್ತೆಗೆ ಹಾಕಿದ ಉದ್ದನೆಯ ತೇಪೆ, ಇವೆಲ್ಲ ಕೆಳಗೆ ಏನೋ ಇದೆ ಎಂದು ಹೇಳುತ್ತವೆ.

ಹಾಗಾದರೆ ಅಗೆಯುವುದು ಹೇಗೆ? ಕಾಲುವೆ ಕೇಬಲನ್ನು ದಾಟುವ ಕಡೆ ಮೊದಲು ಕೈಯಲ್ಲಿ ಒಂದು ಪರೀಕ್ಷಾ ಗುಂಡಿ ತೋಡಿ. ಗೆರೆಯ ನೆತ್ತಿಯ ಮೇಲೆ ನಿಂತು ಕೆಳಕ್ಕೆ ಕುಟ್ಟಬೇಡಿ. ಸ್ವಲ್ಪ ಪಕ್ಕದಲ್ಲಿ ಇಳಿದು, ಅಡ್ಡದಿಂದ ಮಣ್ಣನ್ನು ಕೆರೆಯುತ್ತಾ ಕೇಬಲ್ ಕಡೆಗೆ ಬನ್ನಿ. ಹಾರೆ, ಪಿಕಾಸಿ ಎರಡನ್ನೂ ದೂರ ಇಡಿ. ಅಂಚು ದುಂಡಗಿರುವ, ಹಿಡಿಗೆ ಕರೆಂಟ್ ತಗಲದ ಸಲಿಕೆ ಸಾಕು. ಪ್ರತಿ ಪದರ ತೆಗೆದ ಮೇಲೂ ಗುಂಡಿಯೊಳಗೆ ಮತ್ತೆ ಲೊಕೇಟರ್ ಆಡಿಸಿ. ಹತ್ತಿರವಾದಷ್ಟೂ ಸಿಗ್ನಲ್ ಸ್ಪಷ್ಟವಾಗುತ್ತದೆ. ಮಣ್ಣನ್ನು ಗಾಳಿಯಲ್ಲಿ ಸಡಿಲಿಸಿ ಹೀರಿಕೊಳ್ಳುವ ಯಂತ್ರ ಸಿಕ್ಕಿದರೆ ಇನ್ನೂ ಒಳ್ಳೆಯದು. ನೀರಿನ ಒತ್ತಡದಲ್ಲಿ ಅಗೆಯುವ ಯಂತ್ರವೂ ಇದೆ, ಆದರೆ ಒತ್ತಡ ಜಾಸ್ತಿಯಾದರೆ ನೀರೇ ಕೇಬಲ್‌ನ ಹೊದಿಕೆ ಕೊಯ್ಯುತ್ತದೆ.

ಅಗೆಯುವಾಗ ಮಣ್ಣಿನ ಮೇಲೆ ಕಣ್ಣಿರಲಿ. ಗಟ್ಟಿ ಮಣ್ಣಿನ ನಡುವೆ ಇದ್ದಕ್ಕಿದ್ದಂತೆ ಮರಳು, ಇಟ್ಟಿಗೆ ಸಾಲು ಅಥವಾ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಕಂಡರೆ ಕೈ ನಿಲ್ಲಿಸಿ. ಮುಂಚೆ ಹೂತವರು ಬಿಟ್ಟುಹೋದ ಎಚ್ಚರಿಕೆ ಅದು. ಹಾಗೆಂದು ಪಟ್ಟಿ ಸಿಗಲಿಲ್ಲ, ಆದ್ದರಿಂದ ಕೇಬಲ್ ಇಲ್ಲ ಎಂದು ತಿಳಿಯಬೇಡಿ. ಎಷ್ಟೋ ಕಡೆ ಅದನ್ನು ಹಾಕಿಯೇ ಇರುವುದಿಲ್ಲ.

ಕೇಬಲನ್ನು ಕಣ್ಣಾರೆ ಕಂಡು, ಟೇಪ್ ಹಿಡಿದು ಆಳ ಅಳೆದ ಮೇಲೆ ಜೆಸಿಬಿಯ ಮಾತು. ಆಗಲೂ ಗುರುತಿನ ಎರಡೂ ಬದಿಯ ಎಚ್ಚರಿಕೆಯ ವಲಯದ ಹೊರಗೆ ಮಾತ್ರ ಬಕೆಟ್ ಇಳಿಯಲಿ, ಒಬ್ಬರು ಗುಂಡಿಯನ್ನೇ ನೋಡುತ್ತಾ ನಿಂತಿರಲಿ. ಆ ವಲಯದೊಳಗಿನ ಮಣ್ಣೆಲ್ಲ ಕೈಯ ಪಾಲಿಗೆ.

ಬಕೆಟ್ ಕೇಬಲಿಗೆ ತಗುಲಿತು ಎನ್ನಿ. ಚಾಲಕ ಕೆಳಗಿಳಿಯದೆ ಸೀಟಿನಲ್ಲೇ ಇರಬೇಕು, ಉಳಿದವರು ದೂರ ಸರಿಯಬೇಕು. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಎರಡೂ ಕಾಲು ಜೋಡಿಸಿ ನೆಗೆಯಬೇಕು. ಯಂತ್ರವನ್ನೂ ನೆಲವನ್ನೂ ಒಟ್ಟಿಗೆ ಮುಟ್ಟಬಾರದು. ಹೊದಿಕೆ ಬರೀ ಕೆರೆದುಹೋಗಿ ಏನೂ ಆಗದಿದ್ದರೂ ಸುಮ್ನೆ ಮಣ್ಣು ಮುಚ್ಚಬೇಡಿ, ಮಾಲೀಕರಿಗೆ ಹೇಳಿ. ಆ ಗೀರಿನಿಂದ ನೀರು ಇಳಿದು, ತಿಂಗಳುಗಳ ನಂತರ ಕೇಬಲ್ ಅಲ್ಲೇ ಸುಡಬಹುದು.