ಅಧ್ಯಯನಕ್ಕೆ ಯಾರನ್ನು ಸೇರಿಸಿಕೊಂಡರು?

ಆರು ತಿಂಗಳಿಂದ ವಿಪರೀತ ಸುಸ್ತು, ಕೆಲಸ ಮಾಡಲು ಆಗುತ್ತಿಲ್ಲ. ಇಷ್ಟನ್ನೇ ಕೇಳಿ ಜನರನ್ನು ಒಂದೆಡೆ ಸೇರಿಸಿದರೆ ಆ ಗುಂಪಿನಲ್ಲಿ ಖಿನ್ನತೆ ಇರುವವರು ಸಿಗಬಹುದು, ನಿದ್ದೆಯ ತೊಂದರೆ ಇರುವವರೂ ಸಿಗಬಹುದು. ತಿಂಗಳುಗಟ್ಟಲೆ ಸುಸ್ತು ಬಿಡದೆ ಕಾಡುವ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂಬ ಕಾಯಿಲೆ ಇರುವವರೂ ಅವರ ನಡುವೆ ಇರುತ್ತಾರೆ. ಈ ಕಾಯಿಲೆಯನ್ನು ಖಚಿತಪಡಿಸುವ ರಕ್ತಪರೀಕ್ಷೆ ಇನ್ನೂ ಇಲ್ಲ. ಹಾಗಾಗಿ ಚಿಕಿತ್ಸೆಯನ್ನು ಪರೀಕ್ಷಿಸುವವರು ಲಕ್ಷಣಗಳ ಪಟ್ಟಿಯನ್ನೇ ಜರಡಿಯಂತೆ ಬಳಸುತ್ತಾರೆ. ಜರಡಿಯ ಕಣ್ಣು ಎಷ್ಟು ದೊಡ್ಡದು ಅನ್ನುವುದರ ಮೇಲೆ ಫಲಿತಾಂಶ ನಿಂತಿರುತ್ತದೆ.

ಬ್ರಿಟನ್ನಿನ ಪೇಸ್ ಅಧ್ಯಯನವನ್ನೇ ನೋಡಿ. 2011ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. 641 ರೋಗಿಗಳಿದ್ದರು. ವ್ಯಾಯಾಮವನ್ನು ಹಂತ ಹಂತವಾಗಿ ಹೆಚ್ಚಿಸಿದರೆ ಮತ್ತು ಮಾತಿನ ಚಿಕಿತ್ಸೆ ಕೊಟ್ಟರೆ ಉಪಯೋಗವಿದೆ ಎಂದು ಅದು ಹೇಳಿತು. ರೋಗಿಗಳನ್ನು ಆರಿಸಿದ್ದು 1991ರ ಆಕ್ಸ್‌ಫರ್ಡ್ ಮಾನದಂಡದಿಂದ. ಅದರಲ್ಲಿ ಮುಖ್ಯವಾದದ್ದು ಆರು ತಿಂಗಳ ತೀವ್ರ ಸುಸ್ತು. ಈ ಕಾಯಿಲೆಯನ್ನು ಬೇರೆ ಸುಸ್ತುಗಳಿಂದ ಬೇರ್ಪಡಿಸುವ ಲಕ್ಷಣವನ್ನು ಅದು ಕಡ್ಡಾಯ ಮಾಡಿರಲಿಲ್ಲ. ಸ್ನಾನ ಮಾಡಿದರೂ ಸಾಕು, ಸ್ವಲ್ಪ ಹೊತ್ತು ಮಾತಾಡಿದರೂ ಸಾಕು, ಮರುದಿನ ಏಳಲಾಗದ ಹಾಗೆ ಮೈ ಕುಸಿಯುವುದು ಆ ಲಕ್ಷಣ. ರೋಗಿಗಳು ಇದನ್ನು ಕ್ರ್ಯಾಶ್ ಅನ್ನುತ್ತಾರೆ. ಖಿನ್ನತೆಯಿಂದ ಸುಸ್ತಾದವರಿಗೆ ನಡಿಗೆ ಒಳ್ಳೆಯದು ಮಾಡಬಹುದು. ಕ್ರ್ಯಾಶ್ ಆಗುವವರಿಗೆ ಅದೇ ನಡಿಗೆ ವಾರಗಟ್ಟಲೆ ಹಾಸಿಗೆ ಹಿಡಿಸಬಹುದು. ಇಬ್ಬರನ್ನೂ ಕೂಡಿಸಿ ಸರಾಸರಿ ತೆಗೆದರೆ ಎರಡನೆಯವರಿಗೆ ಆದ ಹಾನಿ ಕಾಣುವುದೇ ಇಲ್ಲ.

ಬೇರೆ ಮಾನದಂಡಕ್ಕೆ ಹೊಂದುವವರನ್ನೂ ಪ್ರತ್ಯೇಕವಾಗಿ ನೋಡಿದ್ದೇವೆ ಎಂದು ಸಂಶೋಧಕರು ಹೇಳಿದರು. ಆದರೆ ಅವರೂ ಆ ಮೊದಲ ಜರಡಿಯಿಂದಲೇ ಬಂದವರು. ಇನ್ನೊಂದು ವಿಷಯ ನನ್ನನ್ನು ಈಗಲೂ ಕಾಡುತ್ತದೆ. ದೈಹಿಕ ಸಾಮರ್ಥ್ಯಕ್ಕೆ ನೂರು ಅಂಕ. 65 ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೆ ಪ್ರವೇಶ. ಕೊನೆಗೆ ‘ಗುಣವಾದರು’ ಎನ್ನಲು ಆ ಅಳತೆಯಲ್ಲಿ 60 ಇದ್ದರೆ ಸಾಕಿತ್ತು! ಅಂದರೆ ಅಂಕ ಇಳಿದವರೂ ಆ ಒಂದು ಅಳತೆಯಲ್ಲಿ ಪಾಸಾಗಬಹುದಿತ್ತು.

2016ರಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಯೊಂದರ ಪರಿಶೀಲನೆಯಲ್ಲಿ ಆಕ್ಸ್‌ಫರ್ಡ್ ಮಾನದಂಡದ ಅಧ್ಯಯನಗಳನ್ನು ಪಕ್ಕಕ್ಕಿಟ್ಟು ಮತ್ತೆ ಲೆಕ್ಕ ಹಾಕಿದರು. ವ್ಯಾಯಾಮದಿಂದ ಪ್ರಯೋಜನವಿದೆ ಎನ್ನಲು ಸಾಕಷ್ಟು ಪುರಾವೆ ಉಳಿಯಲಿಲ್ಲ. 2021ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ ಆ ಚಿಕಿತ್ಸೆಯನ್ನು ತನ್ನ ಮಾರ್ಗಸೂಚಿಯಿಂದ ಕೈಬಿಟ್ಟಿತು.

ನಾರ್ವೆಯ ವೈದ್ಯರು ಬಿಗಿಯಾದ ದಾರಿ ಹಿಡಿದರು. ಕ್ರ್ಯಾಶ್ ಇರಲೇಬೇಕು ಎನ್ನುವ 2003ರ ಕೆನಡಾ ಮಾನದಂಡದಂತೆ 151 ಜನರನ್ನು ಆರಿಸಿ, ರಿಟುಕ್ಸಿಮ್ಯಾಬ್ ಔಷಧವನ್ನು ಪರೀಕ್ಷಿಸಿದರು. ಮೊದಲು 30 ಜನರ ಮೇಲೆ ಮಾಡಿದ ಸಣ್ಣ ಪ್ರಯೋಗ ಭರವಸೆ ಹುಟ್ಟಿಸಿತ್ತು. 2019ರಲ್ಲಿ ದೊಡ್ಡ ಅಧ್ಯಯನದ ಉತ್ತರ ಬಂತು. ಔಷಧ ಪಡೆದವರಲ್ಲಿ ಶೇ. 26 ಮಂದಿ ಸುಧಾರಿಸಿದ್ದರು, ಹುಸಿ ಔಷಧ ಪಡೆದವರಲ್ಲಿ ಶೇ. 35! ಬೇಸರದ ಸುದ್ದಿಯೇ. ಆದರೂ ಇದು ನಂಬಬಹುದಾದ ‘ಇಲ್ಲ’, ಅದಕ್ಕೆ ಬೆಲೆ ಜಾಸ್ತಿ.

ಇನ್ನು ಯಾವ ಜರಡಿಯ ಹತ್ತಿರಕ್ಕೂ ಬರಲಾಗದವರು ಇದ್ದಾರೆ. ರೋಗಿಗಳಲ್ಲಿ ಸುಮಾರು ಕಾಲು ಭಾಗದಷ್ಟು ಜನ ಮನೆಯಿಂದ ಅಥವಾ ಹಾಸಿಗೆಯಿಂದ ಹೊರಬರಲಾರರು. ಆಸ್ಪತ್ರೆಗೆ ಒಮ್ಮೆ ಹೋಗಿಬಂದರೇ ಅವರಿಗೆ ಕ್ರ್ಯಾಶ್. ಅವರ ಮನೆಗೇ ಹೋಗಿ ರಕ್ತ ತೆಗೆದುಕೊಳ್ಳಬೇಕು, ಪ್ರಶ್ನೆಗಳನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ಕೇಳಬೇಕು. ಖರ್ಚು ಬರುತ್ತದೆ, ನಿಜ. ಆ ಹಣವನ್ನು ಅಧ್ಯಯನ ಶುರುವಾಗುವ ಮೊದಲೇ ಎತ್ತಿಡಬೇಕು.