ಹೊಳಪು ಬರುವುದು ಕೊನೆಯ ನಿಮಿಷದಲ್ಲಿ

ಉಪ್ಪಳದಿಂದ ಒಬ್ಬರು ಅಮ್ಮ ಕರೆ ಮಾಡಿದ್ದರು. ಕೊಲ್ಲಿಯಿಂದ ರಜೆಗೆ ಬಂದ ಮಗ ಒಂದು ಬಾಟಲಿ ಸೋಯಾ ಸಾಸ್ ತಂದಿದ್ದಾನೆ. ಅಷ್ಟಕ್ಕೇ ಬಿಡದೆ ಮಂಗಳೂರಿಗೆ ಹೋಗಿ ಮಂಜುಗಟ್ಟಿದ ಸಾಲ್ಮನ್‌ನ ಎರಡು ತುಂಡು ಕೊಂಡು ತಂದು, ತೆರಿಯಾಕಿ ಎಂಬ ಜಪಾನಿ ಅಡುಗೆ ಮಾಡಿಕೊಡು ಎಂದು ತಾಯಿಯ ಮುಂದಿಟ್ಟಿದ್ದಾನೆ. "ಮಾಷ್ಟ್ರೇ, ಹೊರಗೆ ಇದ್ದಿಲು, ಒಳಗೆ ಹಸಿ. ಕಿಲೋಗೆ ಎಷ್ಟು ಕೊಟ್ಟ ಎಂದು ಮಾತ್ರ ಕೇಳಬೇಡಿ, ಹೇಳಲು ನನಗೇ ಸಂಕಟವಾಗುತ್ತದೆ."

ಹೇಗೆ ಮಾಡಿದಿರಿ ಎಂದು ಕೇಳಿದೆ. ನಮ್ಮ ಅಂಜಲ್ ಮೀನು ಕಾಯಿಸುವ ಹಾಗೆಯೇ. ಸೋಯಾ, ಸಕ್ಕರೆ, ಶುಂಠಿ, ಬೆಳ್ಳುಳ್ಳಿ ಎಲ್ಲವನ್ನೂ ಕಲಸಿ ಮೀನಿಗೆ ಹಚ್ಚಿ ಎರಡು ಗಂಟೆ ಇಟ್ಟಿದ್ದಾರೆ. ಆಮೇಲೆ ಕಾವಲಿ ಹೊಗೆಯಾಡುವಷ್ಟು ಕಾಯಿಸಿ, ತೆಂಗಿನೆಣ್ಣೆ ಬಿಟ್ಟು, ಮೀನು ಇಟ್ಟಿದ್ದಾರೆ. ಮೂರು ನಿಮಿಷದಲ್ಲಿ ಮನೆ ತುಂಬ ಹೊಗೆ.

ಅವರ ಕೈಯಲ್ಲಿ ದೋಷವಿಲ್ಲ. ಮಂಜೇಶ್ವರದಿಂದ ನೀಲೇಶ್ವರದವರೆಗೆ ನಾವೆಲ್ಲ ಮೀನು ಕಾಯಿಸಲು ಕಲಿತದ್ದೇ ಹಾಗೆ: ಮೊದಲು ಮಸಾಲೆ, ಆಮೇಲೆ ಬೆಂಕಿ. ಮೆಣಸು, ಅರಸಿನ, ಹುಣಸೆಹುಳಿ, ಉಪ್ಪು ಕೂಡಿದ ಆ ಮಸಾಲೆಯಲ್ಲಿ ಸಕ್ಕರೆ ಇಲ್ಲ. ಆದ್ದರಿಂದ ಅದು ಎಣ್ಣೆಯಲ್ಲಿ ಹತ್ತು ನಿಮಿಷ ತಾಳಿಕೊಳ್ಳುತ್ತದೆ, ಗರಿಗರಿಯಾಗುತ್ತದೆ. ತೆರಿಯಾಕಿಯ ಸಾಸ್‌ನಲ್ಲಿ ಸಕ್ಕರೆಯೇ ಯಜಮಾನ, ಅದು ತಾಳುವುದಿಲ್ಲ.

ನಾನೇನು ಹುಟ್ಟುವಾಗಲೇ ಇದನ್ನು ತಿಳಿದು ಬಂದವನಲ್ಲ. ದುಬೈಯ ಹೋಟೆಲೊಂದರಲ್ಲಿ ಜಪಾನಿ ಅಡುಗೆಯ ವಿಭಾಗಕ್ಕೆ ಹಾಕಿದ ಮೊದಲ ವಾರ, ನಮ್ಮ ಕುಂಬಳೆಯ ಬುದ್ಧಿಯನ್ನೇ ಅಲ್ಲೂ ಓಡಿಸಿದೆ. ಆರು ತುಂಡು ಸಾಲ್ಮನ್‌ಅನ್ನು ಸಾಸ್‌ನಲ್ಲಿ ಮುಳುಗಿಸಿಟ್ಟೆ. ನಮ್ಮ ಮುಖ್ಯಸ್ಥರು ಬಂದು ನೋಡಿದರು, ಏನೂ ಅನ್ನಲಿಲ್ಲ, ಒಂದು ತುಂಡನ್ನು ತೆಗೆದು ತಾವೇ ಬಾಣಲೆಗಿಟ್ಟರು. ಅದು ಕರಿದು ಕಪ್ಪಾಗುವವರೆಗೂ ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡರು. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ಹೆಸರಿನಲ್ಲೇ ಎಲ್ಲ ಇದೆ. ಜಪಾನಿ ಭಾಷೆಯಲ್ಲಿ 'ತೆರಿ' ಎಂದರೆ ಹೊಳಪು, 'ಯಾಕಿ' ಎಂದರೆ ಬೆಂಕಿಯಲ್ಲಿ ಸುಟ್ಟದ್ದು, ಕಾಯಿಸಿದ್ದು. ತೆರಿಯಾಕಿ ಎನ್ನುವುದು ಸಾಸ್‌ನ ಹೆಸರಾಗುವ ಮೊದಲು ಒಂದು ಅಡುಗೆಯ ಕ್ರಮ. ಅಲ್ಲಿನ ಮನೆಗಳಲ್ಲಿ ಇದಕ್ಕೆ ಹಳೆಯ ಜೋಡಿ 'ಬುರಿ' ಎಂಬ ಕೊಬ್ಬಿನ ಮೀನು. ಸೋಯಾ, ಮಿರಿನ್ ಎಂಬ ಸಿಹಿ ಅಕ್ಕಿಮದ್ಯ, ಸಾಕೆ ಎಂಬ ಇನ್ನೊಂದು ಅಕ್ಕಿಮದ್ಯ, ಚೂರು ಸಕ್ಕರೆ, ಇಷ್ಟರಿಂದಲೇ ಸಾಸ್ ಆಗುತ್ತದೆ. ಬೆಳ್ಳುಳ್ಳಿ, ಅನಾನಸು, ಮೆಕ್ಕೆಜೋಳದ ಹಿಟ್ಟು ಇವೆಲ್ಲ ಕಡಲು ದಾಟಿದ ಮೇಲೆ ಸೇರಿಕೊಂಡವು. ಅವು ಕೆಟ್ಟವೆಂದು ನಾನು ಹೇಳುವುದಿಲ್ಲ. ಆದರೆ ಉಪ್ಪಳದ ಅಮ್ಮನ ಕಾವಲಿಯಲ್ಲಿ ಮೊದಲು ಕರಿದದ್ದು ಬೆಳ್ಳುಳ್ಳಿಯೇ ಇರಬೇಕು.

ಕಾವಲಿಯಲ್ಲಿ ನಡೆಯುವುದು ಇಷ್ಟು. ಸಾಸ್‌ನಲ್ಲಿ ನೀರು ಇರುವವರೆಗೆ ಅದರ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ಎಷ್ಟು ಕುದಿದರೂ ಕರಿಯುವುದಿಲ್ಲ. ನೀರು ಆರುತ್ತಿದ್ದಂತೆ ಬಿಸಿ ಏರುತ್ತದೆ. 140 ಡಿಗ್ರಿ ದಾಟಿದರೆ ಸೋಯಾದ ಪ್ರೋಟೀನಿನ ಅಂಶವೂ ಸಕ್ಕರೆಯೂ ಕೂಡಿ ವೇಗವಾಗಿ ಕಂದುಬಣ್ಣಕ್ಕೆ ತಿರುಗುತ್ತವೆ. 160ರ ಸುಮಾರಿಗೆ ಸಕ್ಕರೆಯೇ ಕ್ಯಾರಮೆಲ್ ಆಗತೊಡಗುತ್ತದೆ, ಇನ್ನೂ ಏರಿದರೆ ಸುಡುತ್ತದೆ. ಚೆನ್ನಾಗಿ ಕಾದ ಕಾವಲಿ 180ಕ್ಕಿಂತ ಮೇಲಿರುತ್ತದೆ. ಸಕ್ಕರೆ ಮೆತ್ತಿದ ಮೀನನ್ನು ನೇರವಾಗಿ ಅದರ ಮೇಲಿಟ್ಟರೆ ಎರಡು ಬೆರಳು ದಪ್ಪದ ಮೀನು ಒಳಗೆ ಬೇಯುವಷ್ಟು ಹೊತ್ತು ಸಕ್ಕರೆ ತಾಳುತ್ತದೆಯೇ? ಆದ್ದರಿಂದ ಮೀನು ಸಾಸ್ ಇಲ್ಲದೆಯೇ ಮುಕ್ಕಾಲು ಪಾಲು ಬೇಯಬೇಕು. ಸಾಸ್ ಬರುವುದು ಕೊನೆಗೆ.

ಇನ್ನು ಮೀನಿನ ವಿಷಯ. ಅಂಗಡಿಯಲ್ಲಿ 'ಇಂಡಿಯನ್ ಸಾಲ್ಮನ್' ಎಂದು ಮಾರುವುದು ರಾವಸ್. ಒಳ್ಳೆಯ ಮೀನೇ, ಬಿಳಿ ಮಾಂಸ, ರುಚಿಯೂ ಇದೆ, ಆದರೆ ಸಾಲ್ಮನ್‌ಗೂ ಅದಕ್ಕೂ ನಂಟಿಲ್ಲ. ಸಾಲ್ಮನ್ ತಣ್ಣೀರಿನ ಮೀನು, ನಮ್ಮ ಅರಬ್ಬಿ ಸಮುದ್ರದ್ದಲ್ಲ. ಅದರ ಹತ್ತಿರದ ಬಂಧು ಟ್ರೌಟ್ ಬೇಕಾದರೆ ನೀಲಗಿರಿಯಲ್ಲಿ, ಮುನ್ನಾರಿನಲ್ಲಿ ಇದೆ. ಅದನ್ನೂ ಬ್ರಿಟಿಷರ ಕಾಲದಲ್ಲಿ ತಂದು ಬಿಟ್ಟದ್ದು. ಪೇಟೆಯ ಫ್ರೀಜರ್‌ನಲ್ಲಿ ಸಿಗುವ ಕಿತ್ತಳೆ ಬಣ್ಣದ ತುಂಡು ನಾರ್ವೆಯಂತಹ ದೇಶದಲ್ಲಿ ಸಾಕಿದ್ದು. ಆ ಬಣ್ಣ ಆಸ್ಟಕ್ಸಾಂತಿನ್ ಎಂಬ ವಸ್ತುವಿನದು. ಕಾಡು ಸಾಲ್ಮನ್‌ಗೆ ಅದು ಸೀಗಡಿಯ ಜಾತಿಯ ಜೀವಿಗಳನ್ನು ತಿಂದು ಬರುತ್ತದೆ, ಸಾಕಿದ್ದಕ್ಕೆ ಮೇವಿನಲ್ಲಿ ಬೆರೆಸಿ ಕೊಡುತ್ತಾರೆ.

ಹೆಪ್ಪುಗಟ್ಟಿದ ತುಂಡನ್ನು ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ಅರೆಗೆ ಇಳಿಸಿಡಿ. ಗಾಳಿ ತೆಗೆದು ಮುಚ್ಚಿದ ಪ್ಲಾಸ್ಟಿಕ್ ಹೊದಿಕೆ ಇದ್ದರೆ ಅದನ್ನು ಕತ್ತರಿಸಿ ತೆರೆದಿಡಿ. ಗಾಳಿಯಿಲ್ಲದ ಕಡೆ ಬೆಳೆದು ವಿಷ ಬಿಡುವ ಬ್ಯಾಕ್ಟೀರಿಯಾಗಳಿವೆ, ಹೊಟ್ಟೆಕೆಡುಕಿನ ಮಟ್ಟಕ್ಕೆ ನಿಲ್ಲುವಂಥವಲ್ಲ. ಬಿಸಿನೀರಿಗೆ ಹಾಕಿ ಕರಗಿಸುವ ಅವಸರ ಬೇಡ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಆಡುವ ನಮ್ಮೂರಿನಲ್ಲಿ, ಒಮ್ಮೆ ಮೆತ್ತಗಾಗಿ ಮತ್ತೆ ಗಟ್ಟಿಯಾದ ಮೀನೂ ಸಿಗುತ್ತದೆ. ಪ್ಯಾಕೆಟ್ಟಿನ ಮೂಲೆಯಲ್ಲಿ ನೀರು ಕಲ್ಲಿನಂತೆ ಹೆಪ್ಪುಗಟ್ಟಿ ಕೂತಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

ತಲಾ 150 ಗ್ರಾಮಿನ ಎರಡು ತುಂಡು ಎಂದಿಟ್ಟುಕೊಳ್ಳೋಣ. ಮಾಂಸದ ಮೇಲೆ ಬೆರಳಾಡಿಸಿ. ಸಾಲಾಗಿ ಸಣ್ಣ ಮುಳ್ಳುಗಳು ಕೈಗೆ ತಾಗಿದರೆ ಚಿಮುಟದಿಂದ ಎಳೆದು ತೆಗೆಯಿರಿ. ಎರಡು ಚಿಟಿಕೆ ಉಪ್ಪು ಸವರಿ ಹತ್ತು ನಿಮಿಷ ಬಿಡಿ. ಮೇಲೆ ಪಸೆ ಬರುತ್ತದೆ, ಅದನ್ನು ಟಿಶ್ಯೂ ಕಾಗದದಿಂದ ಅಥವಾ ಹಳೆಯ ಹತ್ತಿ ಬಟ್ಟೆಯಿಂದ ಒತ್ತಿ ಒರಸಿ. ಇದನ್ನು ಹಾರಿಸುವವರೇ ಹೆಚ್ಚು. ಒದ್ದೆ ಮೀನು ಕಾವಲಿಯಲ್ಲಿ ಮೊದಲು ಬೇಯುತ್ತದೆ, ಆಮೇಲೆ ಅಂಟುತ್ತದೆ, ಗರಿಯಾಗಿ ಕಾಯುವುದೇ ಇಲ್ಲ.

ಬಾಣಲೆ ಮಧ್ಯಮ ಉರಿಯಲ್ಲಿರಲಿ, ಒಂದು ಸಣ್ಣ ಚಮಚ ಎಣ್ಣೆ ಸಾಕು. ಸಾಲ್ಮನ್‌ನಲ್ಲೇ ಬೇಕಾದಷ್ಟು ಕೊಬ್ಬಿದೆ. ತೆಂಗಿನೆಣ್ಣೆ ಬೇಡವೇ ಎಂದು ನನ್ನ ಅಡುಗೆ ತರಗತಿಯಲ್ಲಿ ಪ್ರತಿ ಸಲ ಯಾರಾದರೊಬ್ಬರು ಕೇಳುತ್ತಾರೆ. ನಾನೂ ಈ ಮಣ್ಣಿನವನೇ, ತೆಂಗಿನೆಣ್ಣೆಯನ್ನು ಬೈಯಲಾರೆ. ಆದರೆ ಇಲ್ಲಿ ಅದರ ಪರಿಮಳವೂ ಸೋಯಾದ ಪರಿಮಳವೂ ಒಂದೇ ಮನೆಯ ಇಬ್ಬರು ಹಿರಿಯರ ಹಾಗೆ, ಯಾರೂ ಸೋಲುವುದಿಲ್ಲ. ಸೂರ್ಯಕಾಂತಿ ಎಣ್ಣೆ ಬಳಸಿ.

ಚರ್ಮದ ಬದಿ ಕೆಳಗೆ. ಇಟ್ಟ ಕೂಡಲೇ ಮೀನು ಬಿಲ್ಲಿನ ಹಾಗೆ ಬಾಗುತ್ತದೆ, ಸಟ್ಟುಗದಿಂದ ಅರ್ಧ ನಿಮಿಷ ಮೆಲ್ಲಗೆ ಒತ್ತಿಹಿಡಿಯಿರಿ. ಆಮೇಲೆ ನಾಲ್ಕು ನಿಮಿಷ ಮುಟ್ಟಬೇಡಿ. ಪಕ್ಕದಿಂದ ನೋಡುತ್ತಿದ್ದರೆ ಕಿತ್ತಳೆ ಬಣ್ಣ ಕೆಳಗಿನಿಂದ ತಿಳಿಯಾಗುತ್ತ ಮೇಲೇರುವುದು ಕಾಣುತ್ತದೆ. ಅದು ಅರ್ಧಕ್ಕಿಂತ ಮೇಲೆ ಬಂದಾಗ ಮಗುಚಿ. ಬದಿಯಲ್ಲಿ ಬಿಳಿ ಮೊಸರಿನಂತಹದು ಒಸರಿದರೆ ಗಾಬರಿ ಬೇಡ, ಅದು ಮೀನಿನದೇ ಪ್ರೋಟೀನು, ಆಲ್ಬುಮಿನ್. ತುಂಬ ಬಂದರೆ ಉರಿ ಜಾಸ್ತಿಯಾಗಿದೆ ಎಂದು ತಿಳಿಯಿರಿ. ಮಗುಚಿದ ಮೇಲೆ ಒಂದೂವರೆ ನಿಮಿಷ. ಈಗ ಬಾಣಲೆಯನ್ನು ಓರೆ ಮಾಡಿ, ಇಳಿದ ಎಣ್ಣೆಯನ್ನೆಲ್ಲ ಕಾಗದದಿಂದ ಒರಸಿ ತೆಗೆಯಿರಿ. ಎಣ್ಣೆ ಉಳಿದರೆ ಸಾಸ್ ಮೀನಿಗೆ ಹಿಡಿಯದೆ ಜಾರಿಹೋಗುತ್ತದೆ.

ಈಗ ಸಾಸ್. ಮಿರಿನ್‌ನಲ್ಲಿ ಸುಮಾರು ನೂರಕ್ಕೆ 14 ಪಾಲು ಆಲ್ಕೋಹಾಲ್ ಇದೆ, ಕುದಿಸಿದರೂ ಪೂರ್ತಿ ಹೋಗುತ್ತದೆ ಎನ್ನುವಂತಿಲ್ಲ. ಕಾಸರಗೋಡಿನ ಹೆಚ್ಚಿನ ಅಡುಗೆಮನೆಗಳಿಗೆ ಅದು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಕೊಲ್ಲಿಯಲ್ಲಿ ನಾವೂ ಅದಿಲ್ಲದೆ ಮಾಡುತ್ತಿದ್ದೆವು. ಎರಡು ತುಂಡಿಗೆ ಎರಡು ದೊಡ್ಡ ಚಮಚ ಸೋಯಾ, ಮೂರು ದೊಡ್ಡ ಚಮಚ ನೀರು, ಒಂದೂವರೆ ದೊಡ್ಡ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ವಿನೆಗರ್, ಜಜ್ಜಿದ ಒಂದು ಬಿಲ್ಲೆ ಶುಂಠಿ. ಇದನ್ನು ಮೊದಲೇ ಬಟ್ಟಲಲ್ಲಿ ಕಲಸಿ, ಸಕ್ಕರೆ ಕರಗಿಸಿಟ್ಟುಕೊಂಡಿರಬೇಕು. ಬೇರೆ ಉಪ್ಪು ಬೇಡ. ಒಂದು ದೊಡ್ಡ ಚಮಚ ಸೋಯಾದಲ್ಲೇ ಸುಮಾರು ಎರಡೂವರೆ ಗ್ರಾಂ ಉಪ್ಪು ಇರುತ್ತದೆ. ರಕ್ತದೊತ್ತಡ ಇರುವವರು ಈ ಲೆಕ್ಕ ನೆನಪಿಡಿ.

ಸೋಯಾ ಕೊಳ್ಳುವಾಗ ಬಾಟಲಿಯ ಹಿಂಬದಿ ಓದಿ. ಸೋಯಾಬೀನ್, ಗೋಧಿ, ಉಪ್ಪು, ನೀರು ಇಷ್ಟೇ ಇದ್ದರೆ ಹುದುಗಿಸಿ ಮಾಡಿದ ಒಳ್ಳೆಯ ಮಾಲು. ಗೋಬಿ ಮಂಚೂರಿಗೆ ಸುರಿಯುವ ಕಡುಕಪ್ಪು ಸಾಸ್‌ನಲ್ಲಿ ಸಾಮಾನ್ಯವಾಗಿ ಕ್ಯಾರಮೆಲ್ ಬಣ್ಣ ಸೇರಿರುತ್ತದೆ. ಅದು ಕಣ್ಣಿಗೆ ಮೋಸ ಮಾಡುತ್ತದೆ: ಸಾಸ್ ಇನ್ನೂ ನೀರಾಗಿರುವಾಗಲೇ ಆಗಿಹೋಯಿತು ಎನ್ನಿಸುತ್ತದೆ. ಸಕ್ಕರೆಯ ಬದಲು ಬೆಲ್ಲ ಹಾಕಬಹುದೇ? ಹಾಕಬಹುದು. ಬಣ್ಣ ಮಂಕು, ರುಚಿ ಗಾಢ. ಓಲೆಬೆಲ್ಲ ಹಾಕಿ ನೋಡಿದ್ದೇನೆ, ಹೊಗೆಯ ಒಂದು ಎಳೆ ಬರುತ್ತದೆ. ನನಗೆ ಅದು ಇಷ್ಟ. ಜಪಾನಿನವರಿಗೆ ಬಡಿಸಲು ಮಾತ್ರ ಧೈರ್ಯ ಸಾಲದು.

ಬಾಣಲೆಗೆ ಸಾಸ್ ಸುರಿದಾಗ ಸರ್‍ರೆಂದು ಬಿಳಿ ನೊರೆ ಏಳುತ್ತದೆ, ಗುಳ್ಳೆಗಳು ಸಣ್ಣಸಣ್ಣ, ಅವಸರದವು. ಬಾಣಲೆ ಅಲುಗಾಡಿಸುತ್ತ ಚಮಚದಿಂದ ಸಾಸ್ ಎತ್ತಿ ಮೀನಿನ ಮೇಲೆ ಮತ್ತೆ ಮತ್ತೆ ಹೊಯ್ಯಿರಿ. ಒಂದು ನಿಮಿಷ ಕಳೆಯುವಾಗ ಗುಳ್ಳೆಗಳು ದೊಡ್ಡದಾಗಿ, ಸೋಮಾರಿಯಾಗಿ, ಕಂದು ಬಣ್ಣಕ್ಕೆ ತಿರುಗುತ್ತವೆ. ಸದ್ದೂ ಬದಲಾಗುತ್ತದೆ, ಸರ್‍ರೆನ್ನುತ್ತಿದ್ದದ್ದು ಬೊಳಬೊಳ ಎನ್ನತೊಡಗುತ್ತದೆ. ನಮ್ಮ ಹೆಂಗಸರಿಗೆ ಇದನ್ನು ಕಲಿಸಬೇಕಾಗಿಲ್ಲ, ಪಾಕ ನೋಡಿ ಗೊತ್ತಿರುವವರು. ಒಂದೆಳೆ ಪಾಕ ಬರುವುದಕ್ಕೆ ಸ್ವಲ್ಪ ಮೊದಲೇ ಇಳಿಸಬೇಕು ಎಂದರೆ ಮುಗಿಯಿತು. ಚಮಚದ ತುದಿಯಿಂದ ಬಾಣಲೆಯ ತಳದಲ್ಲಿ ಗೀರಿದರೆ ದಾರಿ ಒಂದು ಕ್ಷಣ ತೆರೆದಿದ್ದು ಆಮೇಲೆ ಮುಚ್ಚಿಕೊಳ್ಳಬೇಕು. ಆ ಹೊತ್ತಿಗೆ ಉರಿ ಆರಿಸಿ. ಬಾಣಲೆಯ ಬಿಸಿಗೆ ಅದು ಇನ್ನೂ ಗಟ್ಟಿಯಾಗುತ್ತದೆ. ತಡವಾಯಿತೆಂದು ಕಂಡರೆ ಒಂದು ಚಮಚ ನೀರು ಚಿಮುಕಿಸಿ, ಕರಿಯುವ ಮುನ್ನವಾದರೆ ಹಿಂದಕ್ಕೆ ಬರುತ್ತದೆ. ಕರಿದ ಮೇಲೆ ಬರುವುದಿಲ್ಲ.

ಒಳಗೆ ಎಷ್ಟು ಬೇಯಬೇಕು? ಹೋಟೆಲಿನಲ್ಲಿ ನಾವು ನಡುಭಾಗ 52-55 ಡಿಗ್ರಿ ಇರುವಾಗಲೇ ಇಳಿಸುತ್ತಿದ್ದೆವು, ಪದರ ಪದರವಾಗಿ ಬಿಡಿಸಿಕೊಂಡು ಮೆತ್ತಗಿರುತ್ತದೆ. ಅಮೆರಿಕದ ಆಹಾರ ಸುರಕ್ಷತೆಯ ಸಲಹೆ 63 ಡಿಗ್ರಿ. ಮನೆಯಲ್ಲಿ ಮಕ್ಕಳು, ಬಸುರಿಯರು, ವಯಸ್ಸಾದವರು ಇದ್ದರೆ ಎರಡನೆಯದೇ ಸರಿ. ಮಗುಚಿದ ಮೇಲೆ ಇನ್ನೊಂದು ನಿಮಿಷ ಬಿಟ್ಟರಾಯಿತು.

ಒಂದು ಎಚ್ಚರಿಕೆ. ದೋಸೆಯ ಕಬ್ಬಿಣದ ಕಾವಲಿಯನ್ನು ಇದಕ್ಕೆ ಬಳಸಬೇಡಿ. ಸೋಯಾದ ಉಪ್ಪು, ವಿನೆಗರಿನ ಹುಳಿ ಸೇರಿ ವರ್ಷಗಟ್ಟಲೆ ಎಣ್ಣೆ ಕುಡಿದು ಪಳಗಿದ ಅದರ ಮೈಯನ್ನು ಎಬ್ಬಿಸಿಬಿಡುತ್ತವೆ. ಮರುದಿನ ನೀರುದೋಸೆ ಏಳುವುದಿಲ್ಲ, ಎದ್ದರೂ ಸೋಯಾ ವಾಸನೆ. ನಮ್ಮ ಮನೆಯಲ್ಲಿ ಇದರಿಂದ ಎರಡು ದಿನ ಮಾತು ನಿಂತಿತ್ತು.

ಬಡಿಸಲು ಬಾಸುಮತಿ ಬೇಡ, ಉದುರುದುರಾದ ಅನ್ನಕ್ಕೆ ಈ ಸಾಸ್ ಹಿಡಿಯುವುದಿಲ್ಲ. ಜಪಾನಿನ ಅಕ್ಕಿ ಗಿಡ್ಡ, ಅಂಟು. ನಮ್ಮ ಕುಚ್ಚಲಕ್ಕಿ ಅಂಟಲ್ಲ, ಆದರೆ ಸ್ವಲ್ಪ ಹೆಚ್ಚು ಬೇಯಿಸಿದರೆ ಹೊಂದಿಕೊಳ್ಳುತ್ತದೆ. ಪಕ್ಕಕ್ಕೆ ತೆಳ್ಳಗೆ ಹೆಚ್ಚಿ ಉಪ್ಪು, ಸಕ್ಕರೆ, ವಿನೆಗರ್ ಹಾಕಿ ಹಿಂಡಿದ ಮುಳ್ಳುಸೌತೆ. ಮೇಲೆ ಹುರಿದ ಬಿಳಿ ಎಳ್ಳು. ರಾತ್ರಿ ಒಬ್ಬನೇ ಇದ್ದರೆ ನಾನು ಬಿಸಿ ಗಂಜಿಯೊಂದಿಗೇ ತಿನ್ನುತ್ತೇನೆ, ಯಾರಿಗೂ ಹೇಳಬೇಡಿ.

ಸಾಲ್ಮನ್‌ನ ಬೆಲೆ ಕೊಟ್ಟು ಪ್ರತಿ ವಾರ ಇದನ್ನು ಮಾಡಿ ಎಂದು ನಾನು ಹೇಳುವುದಿಲ್ಲ. ಅಂಜಲ್‌ನಲ್ಲಿ ಆಗುತ್ತದೆ, ಆದರೆ ಅದರಲ್ಲಿ ಕೊಬ್ಬು ಕಡಿಮೆ, ಒಂದು ನಿಮಿಷ ಹೆಚ್ಚಾದರೆ ನಾರು. ನಿಜವಾದ ಉತ್ತರ ಬಂಗುಡೆ. ಜಪಾನಿನವರೂ ಬಂಗುಡೆಯ ಜಾತಿಯನ್ನು 'ಸಾಬಾ' ಎಂದು ಕರೆದು ಹೀಗೆಯೇ ಮಾಡುತ್ತಾರೆ. ಎರಡು ಬದಿಯ ಮಾಂಸವನ್ನು ಮುಳ್ಳಿನಿಂದ ಬಿಡಿಸಿ ಕೊಡಲು ಮೀನಿನವರಿಗೆ ಹೇಳಿ, ಅವರು ಒಂದು ಸಲ ನಿಮ್ಮ ಮುಖ ನೋಡಿ ಆಮೇಲೆ ಮಾಡಿಕೊಡುತ್ತಾರೆ. ತುಂಡು ತೆಳು, ಚರ್ಮದ ಬದಿ ಎರಡು ನಿಮಿಷ, ಇನ್ನೊಂದು ಬದಿ ಒಂದು ನಿಮಿಷ. ಶುಂಠಿ ಎರಡರಷ್ಟಿರಲಿ. ಉಳಿದದ್ದೆಲ್ಲ ಸಾಲ್ಮನ್‌ನದೇ ಕ್ರಮ.

ಉಪ್ಪಳದ ಅಮ್ಮನಿಗೆ ಇದನ್ನೇ ಹೇಳಿದ್ದೆ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ ಟ್ರಾಲಿಂಗ್, ಅಂದರೆ ಯಾಂತ್ರಿಕ ದೋಣಿಗಳ ಬಲೆ ಎಳೆತ, ಇಲ್ಲ; ತಲಪಾಡಿಯಾಚೆ ಕರ್ನಾಟಕದಲ್ಲಿ ಜೂನ್ 1ಕ್ಕೇ ನಿಲ್ಲುತ್ತದೆ. ಸಣ್ಣ ದೋಣಿಯವರು ತಂದದ್ದೇ ಮೀನು. ಬಾಗಿಲಿಗೆ ಬಂದ ಬೈಕಿನವನಲ್ಲಿ ನಾಲ್ಕು ಬಂಗುಡೆ ಸಿಕ್ಕಿತಂತೆ. ಮೊನ್ನೆ ಮತ್ತೆ ಕರೆ ಮಾಡಿದರು. ಮಗ ತಟ್ಟೆ ನೆಕ್ಕಿದ, ಅತ್ತೆ ಎರಡು ತುಂಡು ತಿಂದು "ಹುಳಿ ಸಾಲದು" ಎಂದಿದ್ದಾರೆ. ಮುಂದಿನ ಸಲ ಸಾಸ್‌ಗೆ ಹುಣಸೆಹುಳಿ ಹಿಂಡಲೇ ಎಂದು ಕೇಳಿದರು.

ನಿಂಬೆಯ ಒಂದು ಹೋಳು ಇಡಿ ಎಂದೆ. ಸಾಸ್‌ನ ಒಳಗಲ್ಲ, ಅತ್ತೆಯ ಬಟ್ಟಲಿನ ಪಕ್ಕದಲ್ಲಿ.