ಪ್ಯಾಕೇಜ್ ಪಟ್ಟಿ ಹೊಸದಾಗಬೇಕಾದದ್ದು ಯಾವಾಗ?

ತುಮಕೂರಿನ ಕಾಲೇಜು ಲ್ಯಾಬ್‌ಗಳಲ್ಲಿ ಲಿನಕ್ಸ್ ನೋಡಿಕೊಳ್ಳುವವರಿಗೆ ಅಪ್‌ಡೇಟ್ ಮಾಡುವಾಗ ಬರುವ 'ಹ್ಯಾಶ್ ಸಮ್ ಮಿಸ್‌ಮ್ಯಾಚ್' ದೋಷ ಹೊಸ ಮಾತಲ್ಲ. ಲ್ಯಾಬಿನ ಕಂಪ್ಯೂಟರ್‌ಗಳೆಲ್ಲ ಒಟ್ಟಿಗೆ ಅಪ್‌ಡೇಟ್‌ಗೆ ನಿಂತರೆ ಇಂಟರ್‌ನೆಟ್ ತಾಳಲ್ಲ. ಹಾಗಾಗಿ ಕ್ಯಾಂಪಸ್ಸಿನಲ್ಲೇ ಒಂದು ಮಿರರ್, ಅಂದರೆ ಪ್ಯಾಕೇಜುಗಳ (ತಂತ್ರಾಂಶದ ಕಟ್ಟುಗಳ) ಭಂಡಾರದ ನಕಲು, ಇಡುವುದುಂಟು. ಅದರ ಪ್ಯಾಕೇಜ್ ಪಟ್ಟಿಯನ್ನು ಯಾವಾಗ ಹೊಸದು ಮಾಡಬೇಕು? ಇಲ್ಲೇ ಗೋಜಲು.

ಹೆಸರು, ಆವೃತ್ತಿ, ಜೊತೆಗೆ ಏನೇನು ಬೇಕು ಎಂಬ ವಿವರ ಪ್ರತಿ ಪ್ಯಾಕೇಜಿನೊಳಗೇ ಇದೆ. ಸಾವಿರಾರು ಫೈಲು ಬಿಚ್ಚುವ ಬದಲು ಅದನ್ನೆಲ್ಲ ಮೊದಲೇ ಓದಿ ಪಟ್ಟಿ ಮಾಡಿಡುತ್ತಾರೆ. 1993ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ಶುರುವಾಯಿತು, 1999ರ ಡೆಬಿಯನ್ 2.1ರೊಂದಿಗೆ ಪ್ಯಾಕೇಜ್ ಇಳಿಸಿ ಹಾಕುವ ಆಪ್ಟ್ ಬಂತು, 2007ರ 4.0ರ ಹೊತ್ತಿಗೆ ಪಟ್ಟಿಗೆ ಡಿಜಿಟಲ್ ಸಹಿಯ ಪರಿಶೀಲನೆಯೂ ಸೇರಿತು.

ಸಹಿ ಬಂದದ್ದು ಒಳ್ಳೆಯದೇ. ಆದರೆ ಸಹಿ ಇರುವುದು 'ರಿಲೀಸ್' ಫೈಲಿಗೆ. ಉಳಿದ ಪಟ್ಟಿಗಳ ಹ್ಯಾಶ್ (ಫೈಲಿನ ಒಳಗಿನದರಿಂದ ಲೆಕ್ಕ ಹಾಕಿದ ಗುರುತು) ಅದರೊಳಗಿರುತ್ತದೆ. ಡೆಬಿಯನ್‌ನ ಮೂಲ ಭಂಡಾರ ದಿನಕ್ಕೆ 4 ಸಲ ಹೊಸದಾಗುತ್ತದೆ. ನಕಲು ಅರ್ಧ ಆಗಿರುವಾಗ ಯಾರಾದರೂ ಅಪ್‌ಡೇಟ್ ಕೇಳಿದರೆ ರಿಲೀಸ್ ಹೊಸದು, ಪಟ್ಟಿ ಹಳೆಯದು. ಹ್ಯಾಶ್ ತಾಳೆಯಾಗಲ್ಲ, ಅಪ್‌ಡೇಟ್ ನಿಲ್ಲುತ್ತದೆ. ಎಷ್ಟೋ ಕಡೆ ಇದಕ್ಕೆ ಸುಮ್ನೆ ನೆಟ್‌ವರ್ಕ್‌ನ್ನು ಬೈದುಕೊಳ್ಳುತ್ತಾರೆ.

ಮದ್ದು ಇದೆ. ಡೆಬಿಯನ್‌ನ ಮಿರರ್ ಸ್ಕ್ರಿಪ್ಟ್ ಎರಡು ಹಂತದಲ್ಲಿ ನಡೆಯುತ್ತದೆ: ಮೊದಲು ಪ್ಯಾಕೇಜುಗಳು, ಆಮೇಲೆ ಪಟ್ಟಿಗಳು, ಹಳೆಯದನ್ನು ಅಳಿಸುವುದು ಕೊನೆಗೆ. ಫೈಲು ನಕಲಿಸುವ ಆರ್‌ಸಿಂಕ್ ಅನ್ನು ಒಂದೇ ಏಟಿಗೆ ಓಡಿಸಿದರೆ ಈ ಕ್ರಮ ತಪ್ಪುತ್ತದೆ. ಡೆಬಿಯನ್ ಆಧಾರಿತ ಉಬುಂಟುವಿನ 2016ರ 16.04 ಆವೃತ್ತಿಯ ಹೊತ್ತಿಗೆ ಇನ್ನೊಂದು ದಾರಿ ತೆರೆಯಿತು. ಪಟ್ಟಿಯನ್ನು ಅದರ ಹ್ಯಾಶ್ ಹೆಸರಲ್ಲೇ ಇಟ್ಟರೆ ಹಳೆಯದು, ಹೊಸದು ಎರಡೂ ಜೊತೆಗೇ ಇರಬಹುದು.

ಇನ್ನೊಂದು ಬಗೆಯ ಪ್ಯಾಕೇಜಾದ ಆರ್‌ಪಿಎಂ ಕಡೆಯ ತೊಡಕು ಬೇರೆ. ಅಲ್ಲಿ ಪಟ್ಟಿ ಕಟ್ಟುವ ಕ್ರಿಯೇಟ್‌ರೆಪೊಗೆ 'ಅಪ್‌ಡೇಟ್' ಆಯ್ಕೆ ಕೊಟ್ಟರೆ, ಫೈಲಿನ ಗಾತ್ರ ಮತ್ತು ಸಮಯ ಬದಲಾಗದಿದ್ದರೆ ಹಳೆಯ ವಿವರವನ್ನೇ ಉಳಿಸಿಕೊಳ್ಳುತ್ತದೆ. ಕೆಲಸ ಬೇಗ ಮುಗಿಯುತ್ತದೆ, ನಿಜ. ಅದೇ ಹೆಸರಲ್ಲಿ ಪ್ಯಾಕೇಜನ್ನು ಮತ್ತೆ ಕಟ್ಟಿ ಹಾಕುವ ಅಭ್ಯಾಸ ಇದ್ದರೆ ಮಾತ್ರ ಅಪಾಯ. ಇನ್ನು ಬಳಕೆದಾರರ ಕಂಪ್ಯೂಟರಿನಲ್ಲಿ ಪ್ಯಾಕೇಜ್ ಇಳಿಸಿ ಹಾಕುವ ಡಿಎನ್‌ಎಫ್ ತನ್ನ ಪಟ್ಟಿಯನ್ನು 48 ಗಂಟೆ ನಂಬುವುದು ಡಿಎನ್‌ಎಫ್‌ನ ಮೂಲ ಸೆಟ್ಟಿಂಗ್. ಸರ್ವರಿನಲ್ಲಿ ಹಳೆಯ ಪ್ಯಾಕೇಜ್ ಈಗಲೇ ಅಳಿಸಿದರೆ ಅವರಿಗೆ 404 (ಫೈಲು ಇಲ್ಲ ಎಂಬ ಉತ್ತರ) ಸಿಗುತ್ತದೆ ಅಲ್ವಾ?

ಪಟ್ಟಿ ಮಾಡುವುದನ್ನು ರಾತ್ರಿ ಕ್ರಾನ್‌ಗೆ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಸಾಧನಕ್ಕೆ) ಬಿಟ್ಟುಬಿಡುವುದು ಸುಲಭ. ಆದರೆ ಬೆಳಿಗ್ಗೆ ಹಾಕಿದ ಭದ್ರತಾ ಪ್ಯಾಚ್ ರಾತ್ರಿವರೆಗೂ ಯಾರಿಗೂ ಕಾಣದಿರುವುದು ಸರಿಯಲ್ಲ. ಪ್ಯಾಕೇಜ್ ಬಂದ ಕೂಡಲೇ ಪಟ್ಟಿ ಹೊಸದಾಗಬೇಕು. ಅದನ್ನು ಪಕ್ಕದ ಫೋಲ್ಡರಿನಲ್ಲಿ ಪೂರ್ತಿ ಕಟ್ಟಿ, ಸಹಿ ಹಾಕಿ, ಆಮೇಲೆ ಒಂದೇ ಸಲ ಜಾಗಕ್ಕೆ ತರಬೇಕು. ಗಡಿಯಾರಕ್ಕೂ ಒಂದು ಕೆಲಸ ಉಂಟು. ರಿಲೀಸ್ ಫೈಲಿನಲ್ಲಿ 'ವ್ಯಾಲಿಡ್ ಅನ್‌ಟಿಲ್' ದಿನಾಂಕ ಇದ್ದರೆ, ಏನೂ ಬದಲಾಗದಿದ್ದರೂ ಆ ದಿನದೊಳಗೆ ಮತ್ತೆ ಸಹಿ ಹಾಕಲೇಬೇಕು.